‘ಮಂದ ಅದಾನ್ರಿ’ ಎನ್ನುವ ಮೊದಲು

(ವಿಜಯಪುರದ ಪದವಿ ಕಾಲೇಜೊಂದರಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕೋರ್ಸು, ಫೀಸು, ನೌಕರಿಯ ಮಾತು ಆಮೇಲೆ ಬರುತ್ತದೆ. ಮೊದಲು ಒಬ್ಬ ಹುಡುಗನ ವಿಷಯ ಹೇಳಬೇಕು. ಅಂಗವೈಕಲ್ಯ, ಕಲಿಕೆಯ ತೊಂದರೆ ಇರುವ ಮಕ್ಕಳ ಜೊತೆಗಿನ ಈ ಕೆಲಸಕ್ಕೆ ನಾನು ಬಂದದ್ದೇ ಅವನಿಂದ.

ಡಿಗ್ರಿ, ಬಿ.ಎಡ್. ಮುಗಿಸಿ ಇಂಡಿ ತಾಲೂಕಿನ ಹಳ್ಳಿಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿ ಸೇರಿದ ಮೊದಲ ವರ್ಷ ಅದು. ನನಗೆ ಮೂರನೇ ತರಗತಿಯನ್ನೂ ನೋಡಿಕೊಳ್ಳಲು ಹೇಳಿದ್ದರು. ಈ ಹುಡುಗ ಉಕ್ತಲೇಖನ ಹೇಳಿದ ಕೂಡಲೇ ಪಕ್ಕದವನ ಪಾಟಿ ನೋಡುತ್ತಿದ್ದ. ಎರಡು ಸಲ ಎಚ್ಚರಿಸಿದೆ. ಮೂರನೇ ಸಲ ಎಬ್ಬಿಸಿ ಕೊನೆಗೆ, ಗೋಡೆಯ ಹತ್ತಿರ, ಒಬ್ಬನನ್ನೇ ಕೂರಿಸಿದೆ. ಅಂದಿನಿಂದ ಅವನ ಪಾಟಿ ಖಾಲಿ. ಅವನ ಬಗ್ಗೆ ಕೇಳಿದಾಗ ಹಿರಿಯರೊಬ್ಬರು, "ಅಂವ ಮೊದಲಿಂದ ಹಂಗ ರೀ ಅಕ್ಕೋರ, ಸ್ವಲ್ಪ ಮಂದ ಅದಾನ" ಅಂದರು. ನಾನೂ ಒಪ್ಪಿಕೊಂಡೆ.

ದಸರಾ ರಜೆ ಮುಗಿದ ಮೇಲೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂತು. ವೈದ್ಯರು ಹುಡುಗನ ಹಿಂದೆ ನಿಂತು ಮೆಲ್ಲಗೆ ಹೆಸರು ಹಿಡಿದು ಕರೆದರು. ತಿರುಗಲಿಲ್ಲ. ದನಿ ಏರಿಸಿದರು. ಆಗಲೂ ಇಲ್ಲ. ತಾಯಿಯನ್ನು ಕರೆಸಿದರೆ ಅವಳು, "ಸಣ್ಣಾವ ಇದ್ದಾಗಿಂದ ಮಳಿಗಾಲ ಬಂದರ ಕಿವಿ ಸೋರತೈತ್ರಿ, ಎಣ್ಣಿ ಬಿಡತೇವ್ರಿ" ಅಂದಳು. ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಎರಡೂ ಕಿವಿಯ ತಮಟೆಯಲ್ಲಿ ತೂತು.

ಆ ಹುಡುಗ ಕಾಪಿ ಹೊಡೆಯುತ್ತಿರಲಿಲ್ಲ. ಕೇಳಿಸದ ಶಬ್ದವನ್ನು ಕಣ್ಣಿನಿಂದ ಹಿಡಿಯಲು ನೋಡುತ್ತಿದ್ದ. ಅವನಿಗಿದ್ದ ಒಂದೇ ಆಸರೆಯನ್ನು ಕಿತ್ತುಕೊಂಡವಳು ನಾನು. ಚಿಕಿತ್ಸೆ ಆಯಿತು, ಮುಂದಿನ ಸಾಲಿಗೆ ಬಂದ, ನನ್ನ ಬಾಯಿ ಕಾಣುವ ಹಾಗೆ ಕೂತ, ಯುಗಾದಿ ಹೊತ್ತಿಗೆ ತಾನೇ ಬರೆಯತೊಡಗಿದ. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ಆ ತಿಂಗಳುಗಳು ಇವತ್ತಿಗೂ ನನ್ನನ್ನು ಚುಚ್ಚುತ್ತವೆ. ನನಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲವೇ? ಇತ್ತು. ಕಷ್ಟಪಡುತ್ತಿರಲಿಲ್ಲವೇ? ಪಡುತ್ತಿದ್ದೆ. ಗುರುತಿಸುವ ವಿದ್ಯೆ ಮಾತ್ರ ಇರಲಿಲ್ಲ. ಮರು ವರ್ಷ ಶ್ರವಣದೋಷ ವಿಭಾಗದಲ್ಲಿ ವಿಶೇಷ ಬಿ.ಎಡ್. ಸೇರಿದೆ.

ನಿಮ್ಮಲ್ಲಿ ಅನೇಕರು, "ಮೇಡಂ, ಸೇವೆ ಮಾಡಬೇಕು ಅನ್ನೋ ಮನಸ್ಸಿದೆ" ಎಂದು ಹೇಳುತ್ತೀರಿ. ಸಂತೋಷ. ಆ ಮನಸ್ಸಿನ ಜೊತೆ ಓದು ಇಲ್ಲದಿದ್ದರೆ ಮಗುವಿಗೆ ಪೆಟ್ಟು ಬೀಳುತ್ತದೆ ಎಂಬುದನ್ನು ಹೇಳಲಿಕ್ಕೇ ನಾನು ಇಲ್ಲಿ ನಿಂತಿದ್ದೇನೆ.

ಈ ಕೆಲಸಕ್ಕೆ ನಮ್ಮಲ್ಲಿ ಒಂದೇ ಹೆಸರಿಲ್ಲ. ಸರ್ಕಾರಿ ವ್ಯವಸ್ಥೆಯಲ್ಲಿ ಸಂಪನ್ಮೂಲ ಶಿಕ್ಷಕರು ಅನ್ನುತ್ತಾರೆ. ಖಾಸಗಿ ಶಾಲೆಯ ಜಾಹೀರಾತಿನಲ್ಲಿ ‘ಸ್ಪೆಷಲ್ ಎಜುಕೇಟರ್ ಕಮ್ ಕೌನ್ಸೆಲರ್’ ಎಂದು ಎರಡನ್ನೂ ಒಟ್ಟಿಗೆ ಕಟ್ಟಿರುತ್ತಾರೆ. ಅವೆರಡು ಬೇರೆ ಬೇರೆ ವೃತ್ತಿ. ಓದು ಬೇರೆ, ನೋಂದಣಿ ಬೇರೆ. ಕಣ್ಣಿನ ಡಾಕ್ಟರನ್ನೇ ಹಲ್ಲು ಕೀಳಲು ಕೂರಿಸಿದ ಹಾಗೆ ಅದು.

ವಿಶೇಷ ಶಿಕ್ಷಕರಿಂದ ಶುರು ಮಾಡೋಣ. ಪಿಯುಸಿ ನಂತರ ವಿಶೇಷ ಶಿಕ್ಷಣದಲ್ಲಿ ಎರಡು ವರ್ಷದ ಡಿಪ್ಲೊಮಾ ಇದೆ. ಪದವಿ ನಂತರ ವಿಶೇಷ ಬಿ.ಎಡ್. ಇದರಲ್ಲಿ ವಿಭಾಗ ಆರಿಸಿಕೊಳ್ಳಬೇಕು: ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ಅಸಾಮರ್ಥ್ಯ, ಕಲಿಕಾ ನ್ಯೂನತೆ, ಆಟಿಸಂ ಹೀಗೆ. ಸಾಮಾನ್ಯ ಬಿ.ಎಡ್. ಇದ್ದರೆ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಕೋರ್ಸುಗಳಿಗೆ ಮಾನ್ಯತೆ ಕೊಡುವುದು ಭಾರತೀಯ ಪುನರ್ವಸತಿ ಪರಿಷತ್ತು, ಎಲ್ಲರೂ ಆರ್‌ಸಿಐ ಅನ್ನುತ್ತಾರೆ. 1992ರ ಕಾಯ್ದೆಯಿಂದ ಬಂದ ಸಂಸ್ಥೆ. ಕೋರ್ಸು ಮುಗಿದ ಮೇಲೆ ಅದರ ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ನಿಮ್ಮ ಹೆಸರು ಸೇರಿ ಒಂದು ಸಂಖ್ಯೆ ಸಿಗಬೇಕು. ಸಿಆರ್‌ಆರ್ ನಂಬರ್ ಅನ್ನುವುದು ಅದಕ್ಕೇ. ನೋಂದಣಿ ಇಲ್ಲದೆ ಈ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು ಆ ಕಾಯ್ದೆಯ 13ನೇ ಕಲಮು ಹೇಳುತ್ತದೆ. ದಂಡದ ಮೊತ್ತ ಕೇಳಿ ನಿಮಗೆ ನಗು ಬಂದಿರಬಹುದು. ಜೈಲಿನ ಮಾತು ಮಾತ್ರ ಅಷ್ಟು ಹಗುರಲ್ಲ.

ಹೊಸ ಶಿಕ್ಷಣ ನೀತಿ ಬಂದ ಮೇಲೆ ಈ ಕೋರ್ಸುಗಳ ವರ್ಷ, ಹೆಸರು, ಸ್ವರೂಪ ಎಲ್ಲ ಬದಲಾಗುತ್ತಿವೆ. ನಿಮ್ಮ ಸೀನಿಯರ್ ಓದಿದ ಕೋರ್ಸು ಈ ವರ್ಷ ಅದೇ ರೂಪದಲ್ಲಿ ಇರಬೇಕೆಂದಿಲ್ಲ. ಫೀಸು ಕಟ್ಟುವ ಮೊದಲು ಪರಿಷತ್ತಿನ ಜಾಲತಾಣ ತೆರೆಯಿರಿ. ಆ ಕಾಲೇಜಿಗೆ, ಆ ಕೋರ್ಸಿಗೆ, ಈ ವರ್ಷಕ್ಕೆ ಒಪ್ಪಿಗೆ ಇದೆಯೇ ಎಂದು ನಿಮ್ಮ ಕಣ್ಣಾರೆ ನೋಡಿ. ಏಜೆಂಟ್ ಕಳಿಸಿದ ವಾಟ್ಸಾಪ್ ಫೋಟೊ ಸಾಕಾಗುವುದಿಲ್ಲ. ನನ್ನ ಬಳಿ ಬಂದಿದ್ದ ಒಬ್ಬ ಹೆಣ್ಣುಮಗಳು ತಾಳಿ ಅಡವಿಟ್ಟು ಕೋರ್ಸು ಮುಗಿಸಿದ್ದಳು. ಅದಕ್ಕೆ ಮಾನ್ಯತೆಯೇ ಇರಲಿಲ್ಲ. ಎರಡು ವರ್ಷವೂ ಹೋಯಿತು, ದುಡ್ಡೂ ಹೋಯಿತು. ಎದುರಿಗೆ ಕೂತು ಅತ್ತ ಅವಳಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಈಗ ನನಗೆ ಅತ್ಯಂತ ಮುಖ್ಯ ಅನಿಸುವ ಮಾತಿಗೆ ಬರುತ್ತೇನೆ. ಇದು ಭಾಷೆಯದು.

ನಮ್ಮ ಕಡೆ ಮನೆಯಲ್ಲಿ ಯಾರೂ ‘ಶಾಲೆ’ ಅನ್ನುವುದಿಲ್ಲ, ‘ಸಾಲಿ’ ಅನ್ನುತ್ತೇವೆ. ‘ಮನೆ’ ನಮಗೆ ‘ಮನಿ’. ಎರಡನೇ ತರಗತಿಯ ಮಗು ‘ಸಾಲಿ’ ಎಂದು ಬರೆದರೆ ಅದು ತನ್ನ ಅವ್ವನ ಮಾತನ್ನು ಸರಿಯಾಗಿ ಕೇಳಿಸಿಕೊಂಡು, ಸರಿಯಾಗಿ ಬಿಡಿಸಿ ಬರೆದಿದೆ ಎಂದೇ ಅರ್ಥ. ಅದು ತಪ್ಪಲ್ಲ, ಜಾಣತನ. ಎಷ್ಟೋ ಮನೆಗಳಲ್ಲಿ ಮಹಾಪ್ರಾಣ ಬಾಯಿಗೇ ಬರುವುದಿಲ್ಲ. ಅಂಥ ಮನೆಯ ಮಗು ‘ಧನ’ವನ್ನು ‘ದನ’ ಎಂದು ಬರೆದರೆ ಅದು ಕಲಿಕಾ ನ್ಯೂನತೆ ಅಲ್ಲ. ಇಂಗ್ಲಿಷ್ ಪುಸ್ತಕದಲ್ಲಿ ಡಿಸ್‌ಲೆಕ್ಸಿಯಾದ, ಅಂದರೆ ಓದು ಬರಹ ಕೈಹಿಡಿಯದ ತೊಂದರೆಯ, ಲಕ್ಷಣ ಓದಿಕೊಂಡು ಬಂದವರು ಇಂಥ ಮಕ್ಕಳ ಮೇಲೆ ಚೀಟಿ ಅಂಟಿಸುವುದನ್ನು ನೋಡಿದ್ದೇನೆ. ಅಷ್ಟೇ ಅಲ್ಲ, ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತು ಹಿಡಿಯಬೇಕಾದ ರೂಪಗಳು ನೂರಾರು. ಇಪ್ಪತ್ತಾರು ಅಕ್ಷರ ಮುಗಿಸಿದಷ್ಟು ಬೇಗ ಅದು ಮುಗಿಯುವುದಿಲ್ಲ. ಮೂರನೇ ತರಗತಿಯಲ್ಲಿ ಒತ್ತು ತಪ್ಪುವ ಮಗು ಇನ್ನೂ ದಾರಿಯಲ್ಲಿದೆ ಅಷ್ಟೇ.

ಹಾಗಾದರೆ ನಿಜವಾದ ತೊಂದರೆ ಹೇಗೆ ಗೊತ್ತಾಗುತ್ತದೆ? ಬಾಯಿಮಾತಿನಲ್ಲೇ ಕೇಳಿ ನೋಡಿ. "‘ಕಮಲ’ದಾಗ ‘ಮ’ ತೆಗೆದರ ಏನು ಉಳೀತೈತಿ?" ಬಹಳ ಮಕ್ಕಳು ಎರಡು ಮೂರು ಸಲ ಆಟ ಆಡಿದ ಮೇಲೆ "ಕಲ" ಅನ್ನುತ್ತಾರೆ. ಕೆಲವು ಮಕ್ಕಳಿಗೆ, ಕಥೆ ಚೆಂದ ಹೇಳುವ, ಲೆಕ್ಕ ಬಾಯಲ್ಲೇ ಮಾಡುವ ಮಕ್ಕಳಿಗೂ, ಪದವನ್ನು ಹೀಗೆ ತುಂಡು ಮಾಡಲು ಆಗುವುದೇ ಇಲ್ಲ. ನಿನ್ನೆ ಓದಿದ ಪದ ಇವತ್ತು ಹೊಸದು. ಅಲ್ಲಿ ನಿಲ್ಲಬೇಕು, ದಾಖಲಿಸಬೇಕು, ಮುಂದಿನ ಪರೀಕ್ಷೆಗೆ ಕಳಿಸಬೇಕು. ಅದೂ ಅವಸರದಲ್ಲಿ ಅಲ್ಲ. ಕಲಿಕಾ ನ್ಯೂನತೆಯ ಸರ್ಟಿಫಿಕೇಟನ್ನು ಎಂಟು ವರ್ಷ ತುಂಬಿದ ಮೇಲೆಯೇ ಕೊಡಬೇಕು, ಹದಿನಾಲ್ಕಕ್ಕೆ ಮತ್ತು ಹದಿನೆಂಟಕ್ಕೆ ಮತ್ತೆ ನೋಡಬೇಕು ಎಂದು ಕೇಂದ್ರದ ಮಾರ್ಗಸೂಚಿ ಇದೆ. ಸರ್ಟಿಫಿಕೇಟ್ ಕೊಡುವವರು ನೇಮಿತ ವೈದ್ಯಕೀಯ ಪ್ರಾಧಿಕಾರದವರು. ವಿಶೇಷ ಶಿಕ್ಷಕರು ಅಲ್ಲ, ಕೌನ್ಸೆಲರ್ ಅಲ್ಲ.

ತಾಂಡಾದ ಮಕ್ಕಳದು ಇನ್ನೊಂದು ಕಥೆ. ಮನೆಯಲ್ಲಿ ‘ಯಾಡಿ’ ಎಂದು ಅವ್ವನನ್ನು ಕರೆಯುವ ಲಂಬಾಣಿ ಮಗು ಒಂದನೇ ತರಗತಿಗೆ ಬಂದಾಗ ಕನ್ನಡ ಅದಕ್ಕೆ ಪರಭಾಷೆ. ಅದನ್ನು ಕನ್ನಡದಲ್ಲಿ ಪರೀಕ್ಷೆ ಮಾಡಿ ಬುದ್ಧಿ ಅಳೆದರೆ ನೀವು ಅಳೆದದ್ದು ಕನ್ನಡವನ್ನು, ಬುದ್ಧಿಯನ್ನಲ್ಲ. ಈ ನಗರದ ಎಷ್ಟೋ ಓಣಿಗಳಲ್ಲಿ ದಖನಿ ಉರ್ದು, ಚಡಚಣದ ಗಡಿಯಲ್ಲಿ ಮರಾಠಿ. ಬೆಂಗಳೂರಿನಲ್ಲಿ ತರಬೇತಾದ ಎಂಥ ದೊಡ್ಡ ತಜ್ಞರಿಗೂ ಇದು ಒಂದೇ ದಿನದಲ್ಲಿ ತಿಳಿಯುವುದಿಲ್ಲ. ಇಲ್ಲಿ ಕೂತಿರುವ ನಿಮಗೆ ಹುಟ್ಟಿನಿಂದ ತಿಳಿದಿದೆ. ಲಂಬಾಣಿ ಬಲ್ಲ ಒಬ್ಬ ವಿಶೇಷ ಶಿಕ್ಷಕಿ ನಮ್ಮ ಜಿಲ್ಲೆಗೆ ಎಷ್ಟು ಬೇಕಾಗಿದ್ದಾಳೆ ಎಂಬುದು ಹತ್ತು ತಾಂಡಾ ತಿರುಗಿದವರಿಗೆ ಗೊತ್ತು.

ಇನ್ನು ಕೌನ್ಸೆಲರ್. ಇದಕ್ಕೆ ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಗಟ್ಟಿಯಾದ ಅಡಿಪಾಯ. ಹತ್ತಿರದಲ್ಲೇ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ವಿಭಾಗ ಇದೆ. ಮೇಲೆ ಮಾರ್ಗದರ್ಶನ ಮತ್ತು ಸಮಾಲೋಚನೆಯ ಡಿಪ್ಲೊಮಾ ಮಾಡಬಹುದು. ಎನ್‌ಸಿಇಆರ್‌ಟಿ ನಡೆಸುವ ಒಂದು ವರ್ಷದ ಡಿಪ್ಲೊಮಾಕ್ಕೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಒಂದು ಕೇಂದ್ರ. ಸ್ವಲ್ಪ ಕಾಲ ದೂರಶಿಕ್ಷಣ, ಸ್ವಲ್ಪ ಕಾಲ ಅಲ್ಲೇ ಇದ್ದು ಕಲಿಯುವುದು, ಉಳಿದದ್ದು ಶಾಲೆಯಲ್ಲಿ ಇಂಟರ್ನ್‌ಶಿಪ್. ಈಗಾಗಲೇ ಶಿಕ್ಷಕರಾಗಿರುವವರಿಗೆ ಒಳ್ಳೆಯ ದಾರಿ. ಚಿಕಿತ್ಸಾ ಮನಃಶಾಸ್ತ್ರಜ್ಞರಾಗುವುದು ಇನ್ನೂ ಉದ್ದದ ಹಾದಿ, ಅದು ಮತ್ತೆ ಪುನರ್ವಸತಿ ಪರಿಷತ್ತಿನ ಅಡಿಯಲ್ಲೇ ಬರುತ್ತದೆ. ಅದನ್ನು ಕಲಿಸುವ ಮಾನಸಿಕ ಆರೋಗ್ಯ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಹೆಸರು ನೀವು ಕೇಳಿದ್ದೀರಿ. ಬೇರೆ ಮನಃಶಾಸ್ತ್ರಜ್ಞರು, ಸಮಾಲೋಚಕರು, ಥೆರಪಿಸ್ಟರಿಗೆಂದು 2021ರಲ್ಲಿ ಬೇರೊಂದು ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ. ಮುಂದೆ ಅಲ್ಲಿಯೂ ನೋಂದಣಿ ಕಡ್ಡಾಯವಾಗುವ ದಿನ ಬರುತ್ತದೆ, ಆದ್ದರಿಂದ ಮೂರು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ನೆಚ್ಚಿಕೊಂಡು ಕೂರಬೇಡಿ.

ಕೌನ್ಸೆಲರ್ ಆಗುವವರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಹಳ್ಳಿಯ ಶಾಲೆಯಲ್ಲಿ ಎಲ್ಲರೂ ಎಲ್ಲರಿಗೂ ಬೀಗರೇ. ಒಂಬತ್ತನೇ ತರಗತಿಯ ಹುಡುಗಿ ಬಂದು, "ಅಕ್ಕೋರ, ಯಾರಿಗೂ ಹೇಳಬ್ಯಾಡ್ರಿ" ಅನ್ನುತ್ತಾಳೆ. ಅವಳ ಮಾತು ಸ್ಟಾಫ್ ರೂಮಿನ ಚಹಾದ ಜೊತೆ ಹೊರಬಿದ್ದರೆ ಇನ್ನೆಂದೂ ಆ ಶಾಲೆಯ ಯಾವ ಹುಡುಗಿಯೂ ನಿಮ್ಮ ಹತ್ತಿರ ಬರುವುದಿಲ್ಲ. ಹಾಗೆಂದು "ಯಾರಿಗೂ ಹೇಳಲ್ಲ" ಎಂದು ಕಣ್ಣು ಮುಚ್ಚಿ ಮಾತು ಕೊಡಲೂಬಾರದು. ಲೈಂಗಿಕ ದೌರ್ಜನ್ಯದ ಮಾತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ನೀವೇ ಅಪರಾಧಿ. ಅದಕ್ಕೆ ಮೊದಲ ದಿನವೇ ಮಗುವಿಗೆ ಅರ್ಥವಾಗುವ ಹಾಗೆ ಹೇಳಬೇಕು: "ನಿನ್ನ ಮಾತು ನನ್ನ ಹತ್ರಾನ ಇರತೈತಿ. ನಿನ್ನ ಜೀವಕ್ಕ ತೊಂದರಿ ಆಗುವಂಥದ್ದು ಇದ್ದರ ಮಾತ್ರ ಸಹಾಯ ಮಾಡೋರಿಗೆ ಹೇಳಬೇಕಾಗತೈತಿ. ಹೇಳೋಕ ಮೊದಲು ನಿನಗ ಹೇಳಿರತೇನಿ." ಈ ಮೂರು ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ. ನಮ್ಮ ಈ ಕಡೆಯ ಜಿಲ್ಲೆಗಳಲ್ಲಿ ಬಾಲ್ಯವಿವಾಹ ಇನ್ನೂ ನಿಂತಿಲ್ಲ. ಹುಡುಗಿ ಒಂದು ವಾರ ಕಾಣದಿದ್ದರೆ ಹಾಜರಿ ಪುಸ್ತಕದಲ್ಲಿ ಅಡ್ಡಗೆರೆ ಎಳೆದು ಸುಮ್ಮನಾಗುವವರು ಕೌನ್ಸೆಲರ್ ಅಲ್ಲ. ಮಕ್ಕಳ ಸಹಾಯವಾಣಿ 1098ರ ನಂಬರ್ ಶಾಲೆಯ ಗೋಡೆಯ ಮೇಲೆ ಇರುತ್ತದೆ, ಅದನ್ನು ಒತ್ತುವ ಧೈರ್ಯ ನಿಮ್ಮಲ್ಲಿರಬೇಕು. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್, 14416, ಹಗಲು ರಾತ್ರಿ ಉಚಿತ. ಕನ್ನಡದಲ್ಲೇ ಮಾತಾಡಬಹುದು.

ವಿಜ್ಞಾನ ಓದಿದವರು ಇಲ್ಲಿ ಎಷ್ಟು ಜನ? ಕೈ ಕಡಿಮೆ ಕಾಣುತ್ತಿದೆ. ಹಾಗಾದರೆ ನಿಮ್ಮ ತಮ್ಮ ತಂಗಿಯರಿಗೆ ಹೇಳಿ. ಪಿಯು ವಿಜ್ಞಾನದ ನಂತರ ವಾಕ್ ಮತ್ತು ಶ್ರವಣ ವಿಷಯದಲ್ಲಿ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ ಪದವಿ ಇದೆ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆ ದೇಶದಲ್ಲೇ ಹೆಸರಾದ ಜಾಗ. ಫಿಜಿಯೋಥೆರಪಿಗೆ ಬೆಳಗಾವಿಯಲ್ಲೇ ಕೆಎಲ್‌ಇ ಸಂಸ್ಥೆ ಇದೆ. ಸೆರೆಬ್ರಲ್ ಪಾಲ್ಸಿ (ಮೆದುಳಿನ ದೋಷದಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಮಗುವನ್ನು ಕುರ್ಚಿಯಲ್ಲಿ ಹೇಗೆ ಕೂರಿಸಬೇಕು ಎಂದು ಗೊತ್ತಿರುವವರು ಒಬ್ಬರು ಬಂದು ಹೋದರೆ ಶಾಲೆಯ ಇಡೀ ವರ್ಷ ಬದಲಾಗುತ್ತದೆ.

ಸಮಾಜಕಾರ್ಯ ಓದಿದವರನ್ನು ಈ ಪಟ್ಟಿಯಲ್ಲಿ ಎಲ್ಲರೂ ಮರೆಯುತ್ತಾರೆ. ಇದೇ ಊರಿನ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಎಂಎಸ್‌ಡಬ್ಲ್ಯೂ ಇದೆ. ದೀಪಾವಳಿಯ ಆಸುಪಾಸು ನಮ್ಮ ತಾಂಡಾಗಳಿಂದ ಗಂಡ ಹೆಂಡತಿ ಜೋಡಿಯಾಗಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ಲಾರಿಯಲ್ಲಿ ಪಾತ್ರೆ, ಕೋಳಿ, ಕೂಸು ಎಲ್ಲ. ದೊಡ್ಡ ಹುಡುಗಿ ಕೂಸನ್ನು ನೋಡಿಕೊಳ್ಳಲು ಹೋಗುತ್ತಾಳೆ. ಮರಳಿ ಬರುವಾಗ ಯುಗಾದಿ, ಪರೀಕ್ಷೆ ಎದುರಿಗೆ. ಅಂಥ ಮಗುವಿಗೆ ಥೆರಪಿಯ ಅಗತ್ಯವಿಲ್ಲ. ಅಜ್ಜಿಯ ಹತ್ತಿರ ಬಿಟ್ಟುಹೋಗಲು ಅಪ್ಪನನ್ನು ಒಪ್ಪಿಸುವವರು, ಹಾಸ್ಟೆಲ್ ಸೀಟಿಗೆ ಅರ್ಜಿ ಬರೆಸುವವರು, ಬಂದ ಮೇಲೆ ಬಿಟ್ಟುಹೋದ ಪಾಠ ಹಿಡಿಸುವ ವ್ಯವಸ್ಥೆ ಮಾಡುವವರು ಬೇಕು. ಅದು ತರಬೇತಿ ಬೇಡುವ ಕೆಲಸ. ಒಂದು ಕುಟುಂಬದ ಸಾಲದ ಲೆಕ್ಕ ಅರ್ಥವಾಗದೆ ಆ ಮಗುವಿನ ಗೈರುಹಾಜರಿ ಅರ್ಥವಾಗುವುದಿಲ್ಲ.

ನೌಕರಿ ಇದೆಯಾ? ಇದೇ ನಿಮ್ಮೆಲ್ಲರ ಮನಸ್ಸಿನಲ್ಲಿರುವುದು. ನೇರವಾಗಿ ಹೇಳುತ್ತೇನೆ. ಕಾನೂನು ಮುಂದೆ ಹೋಗಿದೆ, ಹುದ್ದೆಗಳು ಹಿಂದೆ ಉಳಿದಿವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹಿಂದಿನ ಏಳು ಅಂಗವೈಕಲ್ಯಗಳನ್ನು 21ಕ್ಕೆ ಏರಿಸಿತು. ಆಟಿಸಂ, ಕಲಿಕಾ ನ್ಯೂನತೆ ಎರಡೂ ಆ ಪಟ್ಟಿಗೆ ಸೇರಿದವು. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಹಿರಿಯ ಪ್ರಾಥಮಿಕದಲ್ಲಿ ಹದಿನೈದಕ್ಕೆ ಒಬ್ಬ ಎಂದು 2022ರಲ್ಲಿ ಕೇಂದ್ರ ಅಧಿಸೂಚನೆ ಹೊರಡಿಸಿತು. ಅದಕ್ಕೂ ಹಿಂದೆ 2021ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಇತ್ತು. 2025ರ ಮಾರ್ಚ್‌ನಲ್ಲಿ ಅದೇ ಕೋರ್ಟ್, ಎಷ್ಟು ಹುದ್ದೆ ಬೇಕೆಂದು ಲೆಕ್ಕ ಹಾಕಿ ಮಂಜೂರು ಮಾಡಿ ಅಧಿಸೂಚನೆ ಹೊರಡಿಸಿ ಎಂದು ರಾಜ್ಯಗಳಿಗೆ ಹೇಳಿತು. ಅದೇ ವರ್ಷ ಜುಲೈನಲ್ಲಿ ಬಂದ ಇನ್ನೊಂದು ತೀರ್ಪು ಕೌನ್ಸೆಲರ್‌ಗಳಿಗೆ ಸಂಬಂಧಿಸಿದ್ದು: ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ಅರ್ಹ ಸಮಾಲೋಚಕ, ಮನಃಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತ ಒಬ್ಬರಾದರೂ ಇರಬೇಕು. ‘ಅರ್ಹ’ ಎಂಬ ಪದದ ಕೆಳಗೆ ಗೆರೆ ಹಾಕಿಕೊಳ್ಳಿ. ಹುದ್ದೆ ತೆರೆದ ದಿನ ಆ ಒಂದು ಪದ ನಿಮ್ಮನ್ನು ಒಳಗೆ ಬಿಡುತ್ತದೆ, ಇಲ್ಲವೇ ಹೊರಗೆ ನಿಲ್ಲಿಸುತ್ತದೆ.

ಸದ್ಯಕ್ಕೆ ಇರುವ ಕೆಲಸ ಎಂದರೆ ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ಬಿಆರ್‌ಸಿಗಳಲ್ಲಿ, ಅಂದರೆ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ, ಇರುವ ಸಂಪನ್ಮೂಲ ಶಿಕ್ಷಕರದು, ಬಿಐಇಆರ್‌ಟಿ ಎನ್ನುತ್ತಾರೆ. ಒಬ್ಬರು ಒಂದು ತಾಲೂಕಿನ ಶಾಲೆಗಳನ್ನೆಲ್ಲ ಸುತ್ತಬೇಕು, ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗಬೇಕು. ಸರ್ಕಾರೇತರ ಸಂಸ್ಥೆಗಳ ವಿಶೇಷ ಶಾಲೆಗಳಿವೆ, ನಗರದ ಖಾಸಗಿ ಶಾಲೆಗಳಿವೆ. ಗುತ್ತಿಗೆಯ ಕೆಲಸ ಬಹಳ. ಸಂಬಳ ತಡವಾಗುವ ತಿಂಗಳುಗಳಿವೆ, ನಾನೂ ಅನುಭವಿಸಿದ್ದೇನೆ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಕರೆಯುವುದು ಸರಿಯಲ್ಲ. ಈ ಮಕ್ಕಳಿಗೆ ಕಾಯಂ ಶಿಕ್ಷಕರು ಸಿಗಬೇಕು, ಅವರಿಗೆ ಉಳಿದ ಶಿಕ್ಷಕರಷ್ಟೇ ಸಂಬಳ ಸಿಗಬೇಕು. ಇದನ್ನು ನಾನು ಪ್ರತಿ ವೇದಿಕೆಯಲ್ಲೂ ಹೇಳುತ್ತಾ ಬಂದಿದ್ದೇನೆ.

ಮಾತು ಮುಗಿದ ಮೇಲೆ ಮೂರು ಪ್ರಶ್ನೆ ಬಂದವು.

ಬಾಗಲಕೋಟೆಯ ನವನಗರದಿಂದ ಬಂದಿದ್ದ ಹುಡುಗನೊಬ್ಬ, ನನಗೆ ಪದವಿಯಲ್ಲಿ ಶೇಕಡಾ 48 ಆಗಿದೆ, ದಾರಿ ಮುಚ್ಚಿತೇ ಎಂದು ಕೇಳಿದ. ಪದವಿ ನಂತರದ ಕೋರ್ಸಿಗೆ ಸಾಮಾನ್ಯವಾಗಿ ಶೇಕಡಾ 50 ಕೇಳುತ್ತಾರೆ, ಮೀಸಲಾತಿಯ ವಿನಾಯಿತಿ ಬೇರೆ. ಆದರೆ ಪಿಯುಸಿ ಆಧಾರದ ಡಿಪ್ಲೊಮಾ ಇದೆ. ಸಮುದಾಯ ಆಧಾರಿತ ಒಳಗೊಳ್ಳುವ ಅಭಿವೃದ್ಧಿ (ಸಿಬಿಐಡಿ) ಎಂಬ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸನ್ನೂ ಪುನರ್ವಸತಿ ಪರಿಷತ್ತು 2021ರಲ್ಲಿ ತಂದಿದೆ. ಪದವೀಧರ ಡಿಪ್ಲೊಮಾ ಮಾಡಿದರೆ ಮರ್ಯಾದೆ ಕಡಿಮೆ ಎಂದು ಮನೆಯಲ್ಲಿ ಅಂದರೆ, ನನಗೆ ಫೋನ್ ಹಚ್ಚಿಕೊಡು, ನಾನು ಮಾತಾಡುತ್ತೇನೆ ಅಂದೆ.

ಇನ್ನೊಬ್ಬಳು, ಎಸ್ಸೆಸ್ಸೆಲ್ಸಿಯಲ್ಲಿ ಇಂಥ ಮಕ್ಕಳಿಗೆ ಏನು ಸೌಲಭ್ಯ ಸಿಗುತ್ತದೆ ಎಂದು ಕೇಳಿದಳು. ತಮ್ಮನ ಸಲುವಾಗಿ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಬರೆಯಲು ಸಹಾಯಕ, ಪ್ರತಿ ಗಂಟೆಗೆ ಕನಿಷ್ಠ ಇಪ್ಪತ್ತು ನಿಮಿಷ ಹೆಚ್ಚಿನ ಸಮಯ. ಆದರೆ ಮಾರ್ಚ್‌ನಲ್ಲಿ ಓಡಾಡಿದರೆ ಏನೂ ಆಗುವುದಿಲ್ಲ. ಎಂಟನೇ ತರಗತಿಯಲ್ಲೇ ವೈದ್ಯಕೀಯ ಪ್ರಮಾಣಪತ್ರ, ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡು ಮಾಡಿಸಿಡಬೇಕು, ಅವುಗಳ ಒಂದು ಪ್ರತಿ ಮುಖ್ಯೋಪಾಧ್ಯಾಯರ ಕಡತದಲ್ಲಿರಬೇಕು. ಆ ಹುಡುಗಿಯ ನಂಬರ್ ಬರೆದುಕೊಂಡಿದ್ದೇನೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು. "ಮೇಡಂ, ಇಷ್ಟೆಲ್ಲಾ ಕೇಳಿದ ಮ್ಯಾಲೂ ನನಗಿದು ಆಗತೈತೋ ಇಲ್ಲೋ ಗೊತ್ತಾಗವಲ್ದು. ಹೆಂಗ ತಿಳ್ಕೊಬೇಕ್ರಿ?"

ಅರ್ಜಿ ತುಂಬುವ ಮೊದಲು ನಿಮ್ಮ ತಾಲೂಕಿನ ಬಿಆರ್‌ಸಿಗೆ ಹೋಗು ಅಂದೆ. ಬಿಐಇಆರ್‌ಟಿ ಯಾರಿದ್ದಾರೆ ಕೇಳು. ಮನೆ ಭೇಟಿಗೆ ಹೋಗುವ ದಿನ ನಿನ್ನನ್ನೂ ಕರೆದುಕೊಂಡು ಹೋಗಲು ವಿನಂತಿಸು, ಒಲ್ಲೆ ಅನ್ನುವವರು ಕಡಿಮೆ. ಹಾಸಿಗೆಯಲ್ಲೇ ಇರುವ ಮಗುವಿನ ಪಕ್ಕ ನೆಲದ ಮೇಲೆ ಒಂದು ತಾಸು ಕೂತು ಬಾ. ಅವರ ಅವ್ವ ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳು. ಒಂದು ವಹಿ, ಒಂದು ನೀರಿನ ಬಾಟಲಿ ಇಟ್ಟುಕೋ. ಬೆಳಗಿನ ಬಸ್ಸಿಗೇ ಹೋಗು, ಅದು ತಪ್ಪಿದರೆ ತಾಂಡಾಕ್ಕೆ ಮತ್ತೆ ಬಸ್ಸಿರುವುದು ಸಂಜೆಗೇ.